ಇಳಿದವನ ಸೀಟು

ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು
ಡಾಕ್ಟ್ರು ಹೇಳಿದರು: ಎಲ್ಲ ಕ್ಲಿಯರ್ ಉಂಟು, ಐತಪ್ಪಣ್ಣ,
ಹೆಪ್ಪು ಕರಗಿದೆ.

ಹದಿನೆಂಟು ವರ್ಷ ಕಾವೂರು–ಸ್ಟೇಟ್‌ಬ್ಯಾಂಕ್ ಲೈನಿನಲ್ಲಿ
ಫುಟ್‌ಬೋರ್ಡಿನ ಮೇಲೆ ನಿಂತವ ನಾನು.
ನನಗೆ ಗೊತ್ತುಂಟು,
ಜನ ಇಳಿದು ಹೋದ ಮೇಲೂ
ರೆಕ್ಸಿನ್ ಸೀಟು ಎರಡು ಸ್ಟಾಪಿನವರೆಗೆ ಬಿಸಿ ಇರುತ್ತದೆ.

ಅವನು ಹತ್ತಿದ್ದು ಎಡ ಮೀನಖಂಡದಲ್ಲಿ.
ಟಿಕೆಟ್ ಇಲ್ಲ, ಸದ್ದಿಲ್ಲ.
ತೊಡೆ, ಸೊಂಟ ಎಂದು ಮೇಲೆ ಮೇಲೆ ಸರಿದು
ಶ್ವಾಸಕೋಶದ ಬಾಗಿಲಲ್ಲಿ ಅಡ್ಡ ನಿಂತ.
"ಒಳಗೆ ಹೋಗಿ, ಒಳಗೆ ಹೋಗಿ" ಎಂದು
ದಿನವಿಡೀ ಬೊಬ್ಬೆ ಹೊಡೆದ ಬಾಯಿಗೆ
ಅವತ್ತು ಬಿಜೈಯ ತಿರುವಿನಲ್ಲಿ
ಗಾಳಿಯನ್ನೇ ಒಳಗೆ ಕಳಿಸಲಾಗಲಿಲ್ಲ.

ಈಗ ಹನ್ನೊಂದು ತಿಂಗಳು.
ಅಂಗಿಯ ಹೊಲಿಗೆ ಪಕ್ಕೆಗೆ ತಾಗಿದರೆ ಉರಿ.
ಫ್ಯಾನಿನ ಗಾಳಿ ತೋಳ ಮೇಲೆ ಹಾದರೆ
ಹಿಡಿಸೂಡಿಯ ಕಡ್ಡಿಯಲ್ಲಿ ಯಾರೋ ಗೀರಿದ ಹಾಗೆ.
ನೆರೆಮನೆಯ ಬೆಕ್ಕು ತೊಡೆಗೆ ಹತ್ತಿದರೆ
ನಾಲ್ಕು ಪಾದಗಳೂ ಬೇರೆ ಬೇರೆ ನೋಯುತ್ತವೆ.

ಮೊದಲು ಹೀಗಿರಲಿಲ್ಲ ಮಾರಾಯ್ರೇ.
ಬಾಗಿಲಿಗೆ ಬೆರಳು ಸಿಕ್ಕಿ ಉಗುರು ಹೋದ ದಿನವೂ
ಟ್ರಿಪ್ ತಪ್ಪಿಸಿದವನಲ್ಲ.

ಡ್ರೈವರ್ ಲ್ಯಾನ್ಸಿ ನೋಡಲು ಬಂದ,
ಬೆನ್ನಿಗೊಂದು ಪ್ರೀತಿಯ ಪೆಟ್ಟು ಕೊಟ್ಟು "ಯಾವಾಗ ಬರ್ತಿ?" ಅಂದ.
ನಕ್ಕೆ.
ನಗಲಿಕ್ಕೂ ಪಕ್ಕೆಲುಬು ಬೇಕೆಂದು ಆಗಲೇ ಗೊತ್ತಾದದ್ದು.
ಅವನು ಹೋದ. ಪೆಟ್ಟು
ರಾತ್ರಿ ಎರಡು ಗಂಟೆಯವರೆಗೂ ಕೂತಿತ್ತು.

"ನರಗಳು ಒಮ್ಮೆ ಹೆದರಿದ್ದನ್ನು ಮರೆತಿಲ್ಲ,
ಸಣ್ಣದಕ್ಕೂ ದೊಡ್ಡ ಬೆಲ್ ಹೊಡೆಯುತ್ತವೆ" ಎಂದರು ಡಾಕ್ಟ್ರು.
ಧಣಿಗಳು ಮಾತ್ರ
"ನೋವು ಎಲ್ಲಿ, ತೋರಿಸು ನೋಡುವ" ಎಂದರು.
ಎಲ್ಲಿ ಅಂತ ತೋರಿಸುವುದು? ಬೆರಳು ಇಟ್ಟಲ್ಲಿ ಬೆರಳೇ ನೋವು.

ಜಲಜಾಕ್ಷಿ ಬಸಳೆಯ ಚಪ್ಪರ ಕಿತ್ತು ಹಾಕಿದಳು.
ರಕ್ತ ತೆಳು ಮಾಡುವ ಮಾತ್ರೆಗೂ ಸೊಪ್ಪಿಗೂ ಆಗುವುದಿಲ್ಲವಂತೆ.
ಬರಿಯ ಕಂಬಗಳ ನಡುವೆ ಈಗ ನನ್ನ ಅಂಗಿ ಒಣಗುತ್ತದೆ
ಒಳಮೈ ಹೊರಗಾಗಿ.
ಹೊಲಿಗೆ ಮೈಗೆ ತಾಗದಿರಲೆಂದು ಹಾಗೆಯೇ ತೊಡಿಸುತ್ತಾಳೆ.
ಬೀದಿಯ ಮಕ್ಕಳು ನಗುತ್ತಾರೆ, ನಗಲಿ.
ರಾತ್ರಿ ಹಾಲಿಗೆ ಚಮಚ ಮಜ್ಜಿಗೆ ಬಿಟ್ಟು
"ಹೆಪ್ಪು ಹಾಕಿದೆ" ಎನ್ನುತ್ತಿದ್ದವಳು
ಈಗ "ಹಾಲು ಮುಚ್ಚಿಟ್ಟೆ" ಎನ್ನುತ್ತಾಳೆ.
ಬೆಳಿಗ್ಗೆ ಮೊಸರು
ಎಂದಿನ ಹಾಗೆ ಗಟ್ಟಿ.

ಕೊನೆಗೆ ಟೈಮ್‌ಕೀಪರ್ ಕೆಲಸ ಕೊಟ್ಟರು:
ಒಂದು ಕುರ್ಚಿ, ಒಂದು ಕೊಡೆ, ಬಸ್ಸು ಬಂದ ನಿಮಿಷ ಬರೆಯಲು ಪುಸ್ತಕ.
ಹಿಂದಿನ ಪುಟದಲ್ಲಿ ನನ್ನದೇ ಟೈಮಿಂಗ್ ಬರೆಯುತ್ತೇನೆ.
೯.೧೨ ಎಡ ಭುಜ.
೯.೪೦ ಉಸಿರು ಅರ್ಧ ದಾರಿಗೆ ಬಂದು ವಾಪಸು.
೧೦.೦೫ ಏನೂ ಇಲ್ಲ.
ಆ ಏನೂ ಇಲ್ಲದ್ದರ ಅಡಿಗೆ
ಎರಡು ಗೆರೆ ಎಳೆದಿದ್ದೇನೆ.

ನಿನ್ನೆ ಹೊಸ ಹುಡುಗ ತೌಸೀಫ್
ವಿಸಿಲ್ ಮನೆಯಲ್ಲಿ ಮರೆತು ಬಂದ.
ಕಿಸೆಯಿಂದ ನನ್ನದನ್ನು ತೆಗೆದುಕೊಟ್ಟೆ.
ಅವನು ಊದಿದ್ದು ಕಿವಿಯೊಳಗೆ ಮೊಳೆಯ ಹಾಗೆ ಇಳಿಯಿತು,
ಆದರೂ ಕಿವಿ ಮುಚ್ಚಲಿಲ್ಲ;
ಹದಿನೆಂಟು ವರ್ಷ ಅದು ನನ್ನ ಸ್ವರ.

ಸಂಜೆ ವಾಪಸು ಕೊಟ್ಟು ಹೋದ.
ಬಸ್ಸು ಖಾಲಿ, ನಿಲ್ದಾಣದಲ್ಲಿ ಮೀನಿನ ಬುಟ್ಟಿಯ ನೀರು.
ಯಾರೂ ನೋಡದ ಹಾಗೆ ತುಟಿಗಿಟ್ಟೆ.
ಊದಲಿಲ್ಲ, ಸುಮ್ಮನೆ ಉಸಿರು ಬಿಟ್ಟೆ.
ಒಳಗಿನ ಗುಂಡು
ಒಮ್ಮೆ ಅಲುಗಿತು.

೬.೩೧, ಬರೆದುಕೊಂಡೆ.