ನಂದಿಗುಡ್ಡೆ ಏರಿಗೆ ಒಂದು ಥ್ರಾಟಲ್

ಐವತ್ತೆರಡು ಸೆಲ್ಲು. ನಾಲ್ಕು ನಾಲ್ಕರ ಹದಿಮೂರು ಸಾಲು.
ಹಳೆ ಲ್ಯಾಪ್‌ಟಾಪುಗಳ ಹೊಟ್ಟೆ ಬಗೆದು ತೆಗೆದವು.
ಒಂದೊಂದನ್ನೂ ತುಂಬಿಸಿ, ವಾರ ಸುಮ್ಮನೆ ಬಿಟ್ಟು
ಮತ್ತೆ ಅಳೆದೆ. ಇಳಿದವನ್ನು ಬದಿಗೆ ಸರಿಸಿದೆ,
ದೂರಲಿಲ್ಲ, ಅವಕ್ಕೂ ಪ್ರಾಯವಾಗಿದೆ.
ಸಾಲಿನಲ್ಲಿ ಒಂದು ಕುಂಟಿದರೆ
ಉಳಿದ ಮೂರು ಅದರ ಹೊರೆ ಹೊರಬೇಕು,
ಹೊತ್ತು ಹೊತ್ತು ಅವೂ ಕಾಯಬೇಕು.

ಬಂದರಿನ ಗಾಳಿ ಬೇರೆ.
ಎರಡೇ ಮಳೆಗಾಲಕ್ಕೆ ತಾಮ್ರವನ್ನು ನೆಕ್ಕಿ ಹಸಿರು ಮಾಡುತ್ತದೆ.
ಹಾಗಾಗಿ ಪ್ರತಿ ಬೆಸುಗೆಗೂ ಗ್ರೀಸು,
ಗ್ರೀಸಿನ ಮೇಲೆ ಟೇಪು,
ಟೇಪಿನ ಮೇಲೆ ನನ್ನ ಅಪನಂಬಿಕೆ.

ಸೈಕಲ್ಲು ಕಾಸ್ಮಿರ್ ಪೊರ್ಬುಗಳದ್ದು.
ಮೂವತ್ತೆಂಟು ವರ್ಷ, ಜೆಪ್ಪುವಿನ ಭಟ್ಟಿಯಿಂದ ವೆಲೆನ್ಸಿಯಾಕ್ಕೆ
ಬೆಳಿಗ್ಗೆ ಐದೂವರೆಗೆ ಉಂಡೊ ಬ್ರೆಡ್ಡು, ರಸ್ಕು;
ಹಿಂದೆ ಬೆತ್ತದ ಬುಟ್ಟಿ, ಮುಂದೆ ರಬ್ಬರಿನ ಹಾರ್ನು.
"ಬ್ಯಾಟರಿ ಬುಟ್ಟಿಯ ಅಡಿಗೆ ಇಡುವ, ಯಾರಿಗೂ ಕಾಣುವುದಿಲ್ಲ" ಅಂದರು.
"ನಿಮ್ಮ ಬ್ರೆಡ್ಡು ಒಲೆಯಿಂದ ಎದ್ದು ಬಂದದ್ದು,
ಇವಕ್ಕೆ ಬಿಸಿ ಆಗುವುದಿಲ್ಲ" ಅಂದೆ.
ಫ್ರೇಮಿನ ತ್ರಿಕೋನದೊಳಗೆ ಬಿಗಿದೆ.
ಭಾರ ಅಲ್ಲಿದ್ದರೆ
ಸೈಕಲ್ಲಿಗೆ ತಾನು ಸೈಕಲ್ಲೆಂದು ನೆನಪಿರುತ್ತದೆ.

ಮೊದಲ ದಿನ ಥ್ರಾಟಲ್ ಕಂಪೆನಿ ಕೊಟ್ಟದ್ದೇ.
ಒಳಗೆ ಒಂದು ಚೂರು ಆಯಸ್ಕಾಂತ, ಒಂದು ಸ್ಪ್ರಿಂಗು,
ಮುಕ್ಕಾಲು ವೋಲ್ಟಿನಿಂದ ನಾಲ್ಕರವರೆಗೆ ಅದರ ಇಡೀ ಮಾತು.
ಇಷ್ಟು ತಿರುಗಿಸಿದರೆ ಇಷ್ಟು. ಸಪಾಟು ಲೆಕ್ಕ.
ನಂದಿಗುಡ್ಡೆಯ ಏರಿನಲ್ಲಿ ಸೈಕಲ್ಲು
ಹಗ್ಗ ಹರಿದ ಕರುವಿನ ಹಾಗೆ ಕುಪ್ಪಳಿಸಿತು,
ನಿಂತಿತು,
ಮತ್ತೆ ಕುಪ್ಪಳಿಸಿತು.
ನಲುವತ್ತು ಉಂಡೊ ರಸ್ತೆಗೆ.
ಸ್ಮಶಾನದ ಗೋಡೆಯ ಕಾಗೆಗಳಿಗೆ ಆ ದಿನ
ಯಾರ ಬೊಜ್ಜವೂ ಇಲ್ಲದೆ ಊಟ.

"ರಸ್ತೆ ಸರಿಯಿಲ್ಲ ಮಾರಾಯ್ರೆ" ಅಂದರು ಪೊರ್ಬುಗಳು
ಬಲಗೈಯನ್ನು ಜೇಬಿಗೆ ಹಾಕುತ್ತ.
ರಸ್ತೆ ಸರಿಯಾಗಿಯೇ ಇತ್ತು.
ಚಾದ ಕಪ್ಪು ಬಸಿಗೆ ತಾಗಿ ಟಿಣಿಟಿಣಿ ಅನ್ನುವುದನ್ನು
ನಾನು ಆಟಿ ತಿಂಗಳಿನಿಂದ ಕೇಳುತ್ತಿದ್ದೆ.
ಕೇಳಿ, ರೇಡಿಯೋದ ಸ್ವರ ದೊಡ್ಡದು ಮಾಡುತ್ತಿದ್ದೆ.

ಆ ರಾತ್ರಿ ಅಂಗಡಿಗೆ ಬಾಗಿಲು ಹಾಕಲಿಲ್ಲ.
ನಾನು ಮೂಲದಲ್ಲಿ ರೇಡಿಯೋದವ.
ಸ್ವರದ ಗುಬ್ಬಿಯೊಳಗೆ ಇಂಗಾಲದ ಒಂದು ಕರಿ ಬಳೆ ಉಂಟು,
ಅದನ್ನು ಸಮನಾಗಿ ಬಳಿದಿರುವುದಿಲ್ಲ:
ಮೊದಲ ಅರ್ಧ ಸುತ್ತಿಗೆ ಪಿಸುಮಾತು,
ಕೊನೆಯ ಕಾಲು ಸುತ್ತಿಗೆ ಬೊಬ್ಬೆ.
ಕಿವಿ ಕೇಳುವುದೇ ಹಾಗೆ.
ಕಿವಿಗೆ ಕೊಟ್ಟ ಮರ್ಯಾದೆ ಕೈಗೆ ಯಾಕಿಲ್ಲ?

ಆಯಸ್ಕಾಂತವನ್ನು ಕಿತ್ತು ಓರೆಯಾಗಿ ಕೂರಿಸಿದೆ,
ಮೊದಲ ತಿರುವಿಗೆ ತುಸು ದೂರ ಉಳಿಯಲಿ ಎಂದು.
ಸಿಗ್ನಲಿನ ದಾರಿಗೆ ಒಂದು ರೆಸಿಸ್ಟರು, ಒಂದು ಕೆಪಾಸಿಟರು.
ಸೆಕೆಂಡಿಗೆ ಐದಾರು ಸಲ ಬರುವುದನ್ನೆಲ್ಲ ಅದು ಕುಡಿಯುತ್ತದೆ,
ಕುಡಿದು, ಕೈಯ ಮನಸ್ಸನ್ನು ಮಾತ್ರ ಮುಂದಕ್ಕೆ ಬಿಡುತ್ತದೆ.
ಆದರೆ ಹಾಗೆಯೇ ಬಿಟ್ಟರೆ
ಕೈ ಬಿಟ್ಟ ಮೇಲೂ ಚಕ್ರ ಎಳೆಯುತ್ತದಲ್ಲ,
ಮೋರಿಯ ಬಳಿ ಮಗುವೊಂದು ಅಡ್ಡ ಬಂದರೆ?
ಸತ್ತ ಮರ್ಫಿಯೊಂದರ ಗಾಜಿನ ಡಯೋಡು ಬಿಚ್ಚಿ
ರೆಸಿಸ್ಟರಿನ ಬೆನ್ನಿಗೆ ಬೆಸೆದೆ.
ಏರುವುದು ನಿಧಾನ. ಇಳಿಯುವುದು ತಕ್ಷಣ.
ಬ್ರೇಕಿಗೆ ಬೇರೆಯೇ ಒಂದು ಸ್ವಿಚ್ಚು,
ಅದಕ್ಕೆ ಯಾರ ದಾಕ್ಷಿಣ್ಯವೂ ಇಲ್ಲ.

ಮರುದಿನವೂ ಅಲ್ಲ, ಅದರ ಮರುದಿನ, ಬೆಳಕು ಹರಿಯುವ ಮೊದಲು
ಸ್ಕೂಟರಿನಲ್ಲಿ ಹಿಂದೆ ಹಿಂದೆ ಹೋದೆ.
ಏರಿನ ನೆತ್ತಿಯಲ್ಲಿ ಮೀಟರು ನಲುವತ್ತಾರಕ್ಕೆ ಕುಸಿಯಿತು,
ಸಮತಟ್ಟು ಸಿಕ್ಕಿದ್ದೇ ನಲುವತ್ತೊಂಬತ್ತು.
ಬುಟ್ಟಿಯ ಮೇಲಿನ ಬಟ್ಟೆ ಸಹ ಅಲುಗಲಿಲ್ಲ.
ಪೊರ್ಬುಗಳು ಒಮ್ಮೆ ಹಾರ್ನು ಒತ್ತಿದರು,
ಸುಮ್ಮನೆ, ಯಾವ ಮನೆಯೂ ಇಲ್ಲದಲ್ಲಿ.

"ಕಾರ್ಪೊರೇಶನಿನವರು ರಸ್ತೆ ಸರಿ ಮಾಡಿದ್ದಾರೆ ಕಾಣ್ತದೆ, ದೂಮಣ್ಣ."
"ಹೌದು ಪೊರ್ಬುಗಳೇ" ಅಂದೆ.
"ಮೊನ್ನೆ ರಾತ್ರಿ."