ಕಾಲುಚೀಲ ತೊಟ್ಟ ಐದು ಬಾಟಲಿ

ಸೋಮವಾರ ಇಲಾರಿಯೋನ ಕ್ಷೌರದಂಗಡಿಗೆ ರಜೆ.
ಕನ್ನಡಿಯ ಮುಂದಿನ ಬಾಚಣಿಗೆ, ಬ್ರಷ್ಷು ಸರಿಸಿ
ಹೆಸರು ಕಾಣದ ಹಾಗೆ ಉಣ್ಣೆಯ ಕಾಲುಚೀಲ ತೊಡಿಸಿ
ಐದು ಬಾಟಲಿ ನಿಲ್ಲಿಸಿದ್ದೇವೆ.
ಚೀಲಗಳು ದೆಲ್ಫೀನಜ್ಜಿ ತಂದವು,
ತೀರಿಹೋದ ರೆಮೀಜಿಯೋನವು;
ಹಿಮ್ಮಡಿಗೆಲ್ಲ ಬೇರೆ ಬಣ್ಣದ ನೂಲಿನ ತೇಪೆ.

ಸುರಿಯುವ ಕೆಲಸ ನನ್ನದು. ಕುಡಿಯುವಂತಿಲ್ಲ.
ರಾತ್ರಿ ಎಲ್ಲರನ್ನೂ ಮನೆ ಮುಟ್ಟಿಸಬೇಕಾದವನೂ ನಾನೇ.

ಮೊದಲನೆಯದು ಎಟ್ನಾದ್ದು. ಯಾರೂ ತಡವರಿಸಲಿಲ್ಲ:
ಕಪ್ಪು ಮರಳು, ಆರಿದ ಒಲೆಯ ಬಾಯಿ,
ಬೆಂಕಿಕಡ್ಡಿ ಊದಿದ ಮೇಲಿನ ಆ ಒಂದು ಗಳಿಗೆ.
"ಬೆಟ್ಟ ಕೆಮ್ಮಿದೆ ಇದರೊಳಗೆ" ಅಂದ ಇಲಾರಿಯೋ.
ಎರಡನೆಯದು ಸಾರ್ಡೀನಿಯಾ. ಬಿಸಿಲು ಹೆಚ್ಚಾದ ಮಾತುಗಾರ,
ಹೋಗಿಬರುತ್ತೇನೆ ಎಂದ ಮೇಲೂ
ಹೊಸ್ತಿಲಲ್ಲಿ ನಿಂತು ಇನ್ನೊಂದು ಕತೆ ತೆಗೆಯುವವ.
ಮೂರನೆಯದು ವೆರೋನಾದ ಕಡೆಯದು,
ಬೊಂಬಿನ ತಟ್ಟಿಯ ಮೇಲೆ ಒಣಗಿಸಿದ ದ್ರಾಕ್ಷಿ.
ಸಿರಿವಂತ. ಕೊಂಚ ಸೊಕ್ಕು.
ಸರ್ವೇಯರ್ ಒತ್ತಾವಿಯೋ ಹೊಲ ಅಳೆದಂತೆ ಅಳೆದ:
ಬಣ್ಣಕ್ಕೆ ಆರು, ಮೂಗಿಗೆ ಏಳು, ನಾಲಗೆಗೆ ಏಳೂವರೆ.
ಅಜ್ಜಿ ಏನನ್ನೂ ಬರೆಯಲಿಲ್ಲ,
ಬ್ರೆಡ್ಡಿನ ಅಂಚು ಮುರಿದು ಚೀಪುತ್ತಿದ್ದಳು.

ಉಳಿದೆರಡು ನಮ್ಮದೇ ಗುಡ್ಡದವು.
ರೆಮೀಜಿಯೋ ಕೈಯಾರೆ ತುಂಬಿ ಬಿರಡೆ ಬಡಿದವು:
ಎಂಬತ್ತೈದು, ಎಂಬತ್ತಾರು.

ಎಂಬತ್ತೈದು ಬಾಯೊಳಗೆ ಬಂದು ಕೂತಿತು
ಸುಣ್ಣದ ಗೋಡೆಗೆ ಬೆನ್ನು ಕೊಟ್ಟ ಮುದುಕನ ಹಾಗೆ.
ಒಗರು, ಡಾಂಬರು, ಒಣಗುಲಾಬಿ;
ಮಾತಾಡಿಸಿದರಷ್ಟೇ ಮಾತು.
ಎಂಬತ್ತಾರು ಹಗುರ.
ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದರೂ
ಬರಿಗಾಲಲ್ಲಿ ಓಡಿಬಂದಂಥ ಕಂಪು:
ಕಾಡು ಸ್ಟ್ರಾಬೆರಿ, ಈಗಷ್ಟೇ ನೆನೆದ ನೆಲ.
"ಏನೆಂದರೂ ನಮ್ಮ ಗುಡ್ಡ ನಮ್ಮದೇ!"
ಒತ್ತಾವಿಯೋನ ಪೆನ್ಸಿಲು ಒಂಬತ್ತಕ್ಕೆ ಏರಿತು.

ಅಜ್ಜಿ ಇನ್ನೊಮ್ಮೆ ಮೂಸಿದಳು.
"ಇದು ಗುಡ್ಡದ್ದಲ್ಲ."

"ಆ ವರ್ಷದ ಮೇ ತಿಂಗಳು ಮರೆತಿರಾ?
ಆಕ್ರೋಟಿನಷ್ಟು ಆಲಿಕಲ್ಲು, ಕಾಲು ಗಂಟೆ.
ಬಳ್ಳಿಯಲ್ಲಿ ಎಲೆಯೂ ಇರಲಿಲ್ಲ,
ಇವರ ಬಾಯಲ್ಲಿ ಹನ್ನೆರಡು ದಿನ ಮಾತಿರಲಿಲ್ಲ.
ಅಕ್ಟೋಬರಿನಲ್ಲಿ ನೋಡಿದರೆ ನೆಲಮಾಳಿಗೆ ತುಂಬಿದೆ.
ಕೆಳಗಿನ ಸಾಲು ಉಳಿದಿತ್ತು ಅಂದರು.
ಮೂರು ಮಕ್ಕಳು, ರಾಶಿ ಬಟ್ಟೆ ಒಗೆಯುವುದಿತ್ತು;
ನಂಬಿದೆ."

ಲೋಟವನ್ನು ಟ್ಯೂಬ್‌ಲೈಟಿಗೆ ಹಿಡಿದಳು.
"ಇದು ತಾನಾರೋ ಹೊಳೆಯಾಚೆಯ ಮರಳು.
ನಮ್ಮಪ್ಪನ ಇಳಿಜಾರು.
ನನ್ನ ತವರು."

ನಲ್ಲಿಯೊಂದು ತೊಟ್ಟಿಕ್ಕಿತು.
ಮಾವ ಅಳಿಯರ ಜಗಳ ಊರಿಗೆಲ್ಲ ಗೊತ್ತಿತ್ತು:
ಮದುವೆಯ ದಿನ ಹೇಸರಗತ್ತೆಯೊಂದರ ಬಗ್ಗೆ ಹುಟ್ಟಿದ್ದು,
ಹತ್ತೊಂಬತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡದೆ ನಡೆದದ್ದು.
ಹಾಗಾದರೆ ಯಾವುದೋ ರಾತ್ರಿ ಈ ಮನುಷ್ಯ
ಟ್ರ್ಯಾಕ್ಟರಿನ ದೀಪ ಆರಿಸಿ ಸೇತುವೆ ದಾಟಿದ್ದಾನೆ.
ಆ ಬಾಗಿಲಲ್ಲಿ ಟೋಪಿ ತೆಗೆದನೋ?
ಮುದುಕ ಒಳಗೆ ಕರೆದನೋ, ಅಂಗಳದಲ್ಲೇ ತೂಗಿಕೊಟ್ಟನೋ?
ಇಬ್ಬರೂ ಮಣ್ಣಾದರು, ಇಬ್ಬರೂ ಬಾಯಿಬಿಡಲಿಲ್ಲ.
ಬಿರಡೆ ಬಾಯಿಬಿಟ್ಟಿತು.

"ಲೇಬಲ್ಲು ಸುಳ್ಳಾದರೆ ಅಂಕವಿಲ್ಲ, ನಿಯಮ ನಿಯಮವೇ"
ಎಂದು ಒತ್ತಾವಿಯೋ ರಬ್ಬರು ಹುಡುಕತೊಡಗಿದ.
"ಹೊಡೆದುಹಾಕು. ಸುಳ್ಳು ಸುಳ್ಳೇ.
ಆ ಒಂಬತ್ತನ್ನು ಮಾತ್ರ ನಮ್ಮಪ್ಪನ ಹೆಸರಿಗೆ ಬರಿ."
ಚೀಲ ಎಳೆದಳು. ಗಂಡನ ಓರೆ ಅಕ್ಷರ ನೋಡಿದಳು.
ಚೀಲ ಸುತ್ತಿ ಕೋಟಿನ ಜೇಬಿಗೆ ಇಳಿಸಿ
ತಳದ ಚರಟವನ್ನೂ ಸುರಿ ಅಂದಳು ನನಗೆ;
ಮರಳಿನಂತೆ ಅದನ್ನು ಹಲ್ಲಿನಲ್ಲಿ ಕಡಿದಳು.

ಮರಳುವಾಗ ಕಾರಿನಲ್ಲಿ ಉಳಿದವರಿಗೆ ನಿದ್ದೆ.
ಸೇತುವೆಯ ತಿರುವಿನಲ್ಲಿ ಅವಳಿಗೆ ಸಿಟ್ಟು ಬಂತು:

"ಒಂದು ಮಾತು ಹೇಳಿದ್ದರೆ
ಅಪ್ಪನಿಗೆ ಏನಾದರೂ ಕಟ್ಟಿಕೊಡುತ್ತಿದ್ದೆ.
ನೋಡು, ಬರಿಗೈಲಿ ಹೋಗಿರುತ್ತಾರೆ."