ಹೊರೆಗಲ್ಲಿನ ಬಾಬ್ತು

ಅಂಗಡಿಮೊಗರಿನ ಆಚೆ, ಹೊಳೆ ಸೊಂಟ ತಿರುಗಿಸುವಲ್ಲಿ
ನನ್ನ ಮೊದಲ ಸಂಕ.
ಟೆಂಡರು ಮಲಯಾಳದಲ್ಲಿ, ಮೇಸ್ತ್ರಿಯ ಬೈಗುಳ ತುಳುವಿನಲ್ಲಿ,
ಲೆಕ್ಕ ಮಾತ್ರ ಮನಸ್ಸಿನೊಳಗೆ ಕನ್ನಡದಲ್ಲೇ ಕೂಡುತ್ತಿದ್ದೆ:
ಏಳೂ ಎಂಟೂ ಹದಿನೈದು, ದಶಕ ಒಂದು.

ನೆರೆ ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿದ್ದಕ್ಕೆ
ಮೊಯ್ದಿಞ್ಞಿ ತನ್ನ ಬೀಡಿ ಅಂಗಡಿಯ ಗೋಡೆಗೆ ಬೆರಳಿಟ್ಟ.
ಕಚೇರಿಯ ಕಡತಕ್ಕಿಂತ ಎರಡಡಿ ಮೇಲೆ.
ಕಡತ ಯಾವತ್ತೂ ಒದ್ದೆಯಾದದ್ದಿಲ್ಲ.
ಬೆರಳನ್ನೇ ನಂಬಿದೆ.

ನಕ್ಷೆ ಹಾಸಿ ಹೇಳುತ್ತಿದ್ದೆ, ಕಂಬ, ತೊಲೆ, ಕಟಾಂಜನ.
ಆಗ ಬಂದಳು ಮೊಗವೀರರ ಅಕ್ಕು,
ತಲೆಯ ಮೇಲೆ ಬೂತಾಯಿ ಬುಟ್ಟಿ, ಕಿವಿಯ ಹಿಂದೆ ಉಪ್ಪುನೀರು.
"ಎಲ್ಲ ಸರಿ ಎಂಜಿನಿಯರೇ, ಬುಟ್ಟಿ ಇಳಿಸುವುದೆಲ್ಲಿ?
ಇಳಿಸಲಿಕ್ಕೆ ಒಬ್ಬರು ಬೇಕು, ಏರಿಸಲಿಕ್ಕೆ ಒಬ್ಬರು ಬೇಕು.
ನಿಮ್ಮ ಸಂಕದಲ್ಲಿ ನಾನೊಬ್ಬಳೇ."

ಅವತ್ತು ಮೊದಲ ಸಲ
ಹೊಳೆಯನ್ನು ಬಿಟ್ಟು ಒಬ್ಬಾಕೆಯನ್ನು ಅಳೆದೆ.
ಲೆವೆಲ್ ಕೋಲಿನ ಪಕ್ಕ ನಗು ತಡೆದು ನಿಂತಳು;
ಹಿಮ್ಮಡಿಯಿಂದ ಗಲ್ಲದವರೆಗೆ ನಾಲ್ಕಡಿ ಎರಡಂಗುಲ.
ಅಷ್ಟೇ ಎತ್ತರಕ್ಕೆ ಎರಡು ಮುರಕಲ್ಲಿನ ಕಂಬ, ಅಡ್ಡಕ್ಕೊಂದು ಚಪ್ಪಡಿ.
ಮಲಯಾಳದಲ್ಲಿ ಅತ್ತಾಣಿ ಅನ್ನುತ್ತಾರೆ.
ದರಪಟ್ಟಿಯಲ್ಲಿ ಏನೂ ಅನ್ನುವುದಿಲ್ಲ.

ಆಡಿಟಿನವರು ಅಂದರು:
ಮಂಜೂರಾತಿ ಇಲ್ಲದ ಕಲ್ಲು, ಒಂದು ಸಾವಿರದ ನೂರ ನಲವತ್ತು ರೂಪಾಯಿ.
ಮೂರು ಕಂತಿನಲ್ಲಿ ಸಂಬಳದಿಂದ ಮುರಿದುಕೊಂಡರು.
ರಸೀತಿ ಇಟ್ಟುಕೊಂಡಿದ್ದೇನೆ.
ಮೂವತ್ತೊಂದು ವರ್ಷ, ಹದಿನೇಳು ಸಂಕ,
ಸರಕಾರದ ಅಷ್ಟೊಂದು ಸಿಮೆಂಟಿನ ನಡುವೆ
ನಾನು ಕೊಂಡದ್ದು ಅದೊಂದೇ.

ಆಮೇಲೆ ಪೆನ್ಸಿಲು ಹಿಡಿಯುವ ಮುಂಚೆ ಕೇಳುತ್ತಿದ್ದೆ:
ಯಾರು ದಾಟುತ್ತೀರಿ, ಏನು ಹೊತ್ತು, ಎಷ್ಟು ಹೊತ್ತಿಗೆ?
ಪೈವಳಿಕೆಯ ಕಡೆ ಒಂದು ಕಡೆ, ಮಾರ್ಚ್ ಕೊನೆಯ ಗಡಿಬಿಡಿ,
ಕೇಳಲಿಲ್ಲ. ಮೂರು ಮೆಟ್ಟಿಲು ಕಟ್ಟಿಬಿಟ್ಟೆ.
ಅಲ್ಲಿ ಗಾಲಿಕುರ್ಚಿಯ ಹುಡುಗನೊಬ್ಬನಿದ್ದ.
ಅದಕ್ಕೆ ಯಾವ ಆಡಿಟಿನ ಆಕ್ಷೇಪವೂ ಬರಲಿಲ್ಲ.

ಮೊನ್ನೆ ಹೋಗಿದ್ದೆ.
ಮೀನು ಈಗ ಸ್ಕೂಟರಿನಲ್ಲಿ ಬರುತ್ತದೆ, ಹಾರ್ನ್ ಹಾಕಿಕೊಂಡು.
ಚಪ್ಪಡಿಯ ಮೇಲೆ ಯಾರದೋ ಹೆಲ್ಮೆಟ್ಟು, ಅರ್ಧ ಕುಡಿದ ಸೋಡಾ.
ಅಂಚು ಸವೆದು ನುಣ್ಣಗಾಗಿದೆ, ಒಂದು ಬುಟ್ಟಿಯಷ್ಟು ಅಗಲ.
ನನಗದು ಎದೆಮಟ್ಟ.
ಗಲ್ಲ ಊರಲು
ಬಗ್ಗಬೇಕಾಯಿತು.